ಜಪ್ತಿಮಾಲು

ನಮ್ಮ ಕೋಲಾರದ ಕಡೆ ಕೋರ್ಟು ಕಚೇರಿಗೆ ಸೇರಿದ ಮಾತುಗಳಲ್ಲಿ ಅಚ್ಚಗನ್ನಡದವು ಕಡಿಮೆ. ಜಪ್ತಿ, ಮಹಜರು, ವಾರಸು, ಜಾಮೀನು, ಅರ್ಜಿ – ಎಲ್ಲವೂ ಪಾರಸಿ, ಅರಬ್ಬಿಗಳಿಂದ ಬಂದು ನೆಂಟರಾಗಿ ಉಳಿದು ಕಡೆಗೆ ಮನೆಯವರೇ ಆದ ಶಬ್ದಗಳು. ಮೊಗಲರು 1687ರಲ್ಲಿ ಸಿರಾವನ್ನು ಸುಬಾ ಮಾಡಿದಾಗ ಕೋಲಾರ ಅದರೊಳಗಿನ ಒಂದು ಪರಗಣೆಯಾಯಿತು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರ ಪಟ್ಟಣದಲ್ಲಿ. ಹಾಗಾಗಿ ಆ ಮಾತುಗಳು ನಮ್ಮಲ್ಲಿ ಬೇರುಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಠಾಣೆಗೆ ಹೋದರೆ ಮಾತ್ರ ಪಾರಸಿ ಎಂದು ನಾನು ತರಗತಿಯಲ್ಲಿ ತಮಾಷೆ ಮಾಡುವುದುಂಟು.

ಜಪ್ತಿ ಎಂದರೆ ಹಿಡಿದಿಟ್ಟುಕೊಳ್ಳುವುದು. ಸಾಲ ತೀರಿಸದವನ ಎತ್ತು, ಕಂದಾಯ ಕಟ್ಟದವನ ಪಾತ್ರೆ ಪಡಗ, ಕಳ್ಳತನದ ಒಡವೆ. ಈ ಎಲ್ಲ ಜಪ್ತಿಗಳಿಗೂ ಒಂದು ಸರಳ ಲಕ್ಷಣವಿತ್ತು. ಎತ್ತು ಸರ್ಕಾರದ ಕೊಟ್ಟಿಗೆಯಲ್ಲಿದ್ದರೆ ನಮ್ಮ ಕೊಟ್ಟಿಗೆಯಲ್ಲಿ ಇರುತ್ತಿರಲಿಲ್ಲ. ಅದು ನಮ್ಮ ಮನೆಗೆ ವಾಪಸು ಬಂದ ದಿನ ಸರ್ಕಾರದ ಕೊಟ್ಟಿಗೆ ಖಾಲಿಯಾಗುತ್ತಿತ್ತು. ಒಂದು ವಸ್ತು ಒಂದು ಕಾಲಕ್ಕೆ ಒಂದೇ ಕಡೆ ಇರಬಲ್ಲದು ಎನ್ನುವ ಈ ನಂಬಿಕೆಯ ಮೇಲೆಯೇ ಜಪ್ತಿಯ ಕಾಯಿದೆಗಳೆಲ್ಲ ನಿಂತಿವೆ. ಆ ನಂಬಿಕೆ ನಮ್ಮ ಕಾಲದಲ್ಲಿ ಹೇಗೆ ಮುರಿದುಬಿತ್ತು ಎನ್ನುವುದೇ ನಾನು ಹೇಳಹೊರಟಿರುವ ಚರಿತ್ರೆ.

ಚರಿತ್ರೆಯ ಪಾಠದಲ್ಲಿ ಯುದ್ಧಗಳಿಗೆ ಸಿಗುವ ಮರ್ಯಾದೆ ಶೋಧನೆಗಳಿಗೆ ಸಿಗುವುದಿಲ್ಲ. 1762ರ ನವೆಂಬರ್ 11ರಂದು ಲಂಡನ್ನಿನಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ದೊರೆಯ ಆಳುಗಳು ನುಗ್ಗಿದರು. ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಕೊಟ್ಟ ವಾರಂಟು ಅವರ ಕೈಯಲ್ಲಿತ್ತು. ನಾಲ್ಕು ಗಂಟೆಗಳ ಕಾಲ ಪೆಟ್ಟಿಗೆ ಬೀರುಗಳನ್ನು ಒಡೆದು, ಕಂಡ ಕಾಗದವನ್ನೆಲ್ಲ ಓದಿ, ಬೇಕಾದ್ದನ್ನು ಹೊತ್ತುಕೊಂಡು ಹೋದರು. ಎಂಟಿಕ್ ಸುಮ್ಮನಿರಲಿಲ್ಲ, ದಾವೆ ಹೂಡಿದ. 1765ರಲ್ಲಿ ನ್ಯಾಯಾಧೀಶ ಲಾರ್ಡ್ ಕ್ಯಾಮ್ಡನ್, ಇಂಥ ವಾರಂಟಿಗೆ ಕಾನೂನಿನ ಆಧಾರವೇ ಇಲ್ಲವೆಂದು ತೀರ್ಪು ಕೊಟ್ಟರು. ಎಂಟಿಕ್‌ಗೆ 300 ಪೌಂಡು ಪರಿಹಾರ ಸಿಕ್ಕಿತು. ಮನುಷ್ಯನ ಸೊತ್ತುಗಳಲ್ಲೆಲ್ಲ ಅವನ ಕಾಗದಪತ್ರಗಳೇ ಅವನಿಗೆ ಪ್ರಿಯವಾದವು, ಅವನ್ನು ಬರಿಯ ಕಣ್ಣಿನಿಂದ ಓದಿದರೂ ಅವನಿಗೆ ಪೆಟ್ಟು ಬೀಳುತ್ತದೆ ಎನ್ನುವುದು ಆ ತೀರ್ಪಿನ ತಿರುಳು. ಅಮೆರಿಕದವರು 1791ರಲ್ಲಿ ತಮ್ಮ ಸಂವಿಧಾನಕ್ಕೆ ಸೇರಿಸಿದ ನಾಲ್ಕನೆಯ ತಿದ್ದುಪಡಿಯ ಹಿಂದೆ ಈ ಮೊಕದ್ದಮೆಯ ನೆನಪು ಇದೆ.

ನಮ್ಮ ದೇಶಕ್ಕೆ ಇಂಗ್ಲಿಷರು ವಾರಂಟನ್ನು ತಂದರು. ಕ್ಯಾಮ್ಡನ್ ತೀರ್ಪಿನ ಸತ್ವ ಅಷ್ಟಾಗಿ ಬರಲಿಲ್ಲ. ಆದರೂ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಒಂದು ಒಳ್ಳೆಯ ಏರ್ಪಾಡಿತ್ತು. ಅದು 1973ರ ಸಂಹಿತೆಗೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗೂ ಇಳಿದು ಬಂದಿದೆ. ಶೋಧನೆಯ ಹೊತ್ತಿಗೆ ಊರಿನ ಇಬ್ಬರು ಮರ್ಯಾದಸ್ಥರು ಜೊತೆಗಿರಬೇಕು. ಏನೇನು ತೆಗೆದುಕೊಂಡರು, ಎಲ್ಲಿಂದ ತೆಗೆದುಕೊಂಡರು ಎಂದು ಪಟ್ಟಿ ಮಾಡಿ ಅವರ ರುಜು ಹಾಕಿಸಬೇಕು. ಮನೆಯವರಿಗೆ ಅದರ ಪ್ರತಿ ಕೊಡಬೇಕು. ಇದೇ ನಮ್ಮ ಮಹಜರು. ಟ್ರಂಕನ್ನು ಹೊತ್ತೊಯ್ದರೆ ಅದರೊಳಗಿನ ಸೀರೆ ಎಷ್ಟು, ಬೆಳ್ಳಿ ಲೋಟ ಎಷ್ಟು, ಪತ್ರ ಎಷ್ಟು ಎಂದು ಬರೆಯಬೇಕು. ಬರೀ ‘ಟ್ರಂಕು ಒಂದು’ ಎಂದು ಬರೆದರೆ ವಕೀಲರು ನಗುತ್ತಾರೆ.

ವಸ್ತುವಲ್ಲದ್ದನ್ನು ಜಪ್ತಿ ಮಾಡುವ ಕಾಲವೂ ಬಂತು. ಅದರ ಮೊದಲ ಜಗಳಗಳಲ್ಲೊಂದು ನಮ್ಮ ಜಿಲ್ಲೆಯಲ್ಲೇ ನಡೆಯಿತು ಎಂದರೆ ನನ್ನ ವಿದ್ಯಾರ್ಥಿಗಳು ಕಣ್ಣರಳಿಸುತ್ತಾರೆ. 1930ರಲ್ಲಿ ಕೋಲಾರದ ಚಿನ್ನದ ಗಣಿಗಳಲ್ಲಿ ಕೂಲಿಗಳ ಬೆರಳಚ್ಚು ತೆಗೆದು ನೋಂದಣಿ ಮಾಡುವ ಕ್ರಮ ತಂದಾಗ ಕೆಲಸಗಾರರು ಒಪ್ಪಲಿಲ್ಲ. ಸುಮಾರು ಮೂರು ವಾರ ಗಣಿಗೆ ಇಳಿಯಲಿಲ್ಲ. ಅವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟಿನ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು, ಓದು ಬರಹ ಇಲ್ಲದವರು. ಬೆರಳಚ್ಚು ಕೊಡುವುದು ಕಳ್ಳರ ಪಾಡು, ದುಡಿಯುವವರಿಗೇಕೆ ಎಂಬುದು ಅವರ ಪ್ರಶ್ನೆ. ಅದು ಹಣದ ಮಾತಾಗಿರಲಿಲ್ಲ. ಕಂಪನಿಯ ಬೀರುವಿನಲ್ಲಿ ತಮ್ಮ ಗುರುತು ಉಳಿದುಬಿಡುತ್ತದೆ, ಅದು ನಾಳೆ ಯಾರ ಕೈಗೆ ಹೋಗುತ್ತದೋ, ಯಾವುದಕ್ಕೆ ಬಳಸುತ್ತಾರೋ ಎಂಬ ಅಳುಕು. ನಮ್ಮ ಬಿ.ಎ. ಪುಸ್ತಕಗಳಲ್ಲಿ ಈ ಮುಷ್ಕರಕ್ಕೆ ಒಂದು ಸಾಲೂ ಇರಲಿಲ್ಲ. ಅದೇ 1930ರ ಉಪ್ಪಿನ ಸತ್ಯಾಗ್ರಹಕ್ಕೆ ಒಂದು ಇಡೀ ಅಧ್ಯಾಯವಿತ್ತು.

ಆ ಅಳುಕು ಬ್ರಿಟಿಷ್ ಸರ್ಕಾರಕ್ಕೂ ಗೊತ್ತಿರದ್ದೇನಲ್ಲ. 1920ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಬಂದ ಕೈದಿಗಳ ಗುರುತಿನ ಕಾಯಿದೆಯ ಏಳನೆಯ ಕಲಮು ನೋಡಿ. ಹಿಂದೆ ಶಿಕ್ಷೆಯಾಗಿರದ ಮನುಷ್ಯ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ ಅಥವಾ ನಿರ್ದೋಷಿ ಎನಿಸಿಕೊಂಡರೆ, ಅವನಿಂದ ತೆಗೆದ ಅಳತೆಗಳನ್ನೂ ಫೋಟೋಗಳನ್ನೂ, ಅವುಗಳ ನಕಲುಗಳ ಸಮೇತ, ನಾಶ ಮಾಡಬೇಕು ಇಲ್ಲವೆ ಅವನಿಗೇ ಒಪ್ಪಿಸಬೇಕು; ಮ್ಯಾಜಿಸ್ಟ್ರೇಟರೋ ಅಧಿಕಾರದಲ್ಲಿರುವವರೋ ಕಾರಣ ಬರೆದು ಬೇರೆ ಆಜ್ಞೆ ಮಾಡಿದರೆ ಮಾತ್ರ ಉಳಿಸಿಕೊಳ್ಳಬಹುದು. ಪರದೇಶದ ಸರ್ಕಾರ, ಆಳಿಸಿಕೊಳ್ಳುವ ಜನ. ಆದರೂ ‘ನಕಲು’ ಎಂಬ ಮಾತು ಅವರ ತಲೆಯಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ ದೊಡ್ಡ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1954ರ ಮಾರ್ಚಿಯಲ್ಲಿ ಎಂ.ಪಿ. ಶರ್ಮಾ ಮೊಕದ್ದಮೆಯಲ್ಲಿ ಎಂಟು ಮಂದಿ ನ್ಯಾಯಾಧೀಶರು ಕೂತು, ಅಮೆರಿಕದ ನಾಲ್ಕನೆಯ ತಿದ್ದುಪಡಿಯಂಥ ರಕ್ಷಣೆಯನ್ನು ನಮ್ಮ ಸಂವಿಧಾನ ಕರ್ತರು ಕೊಟ್ಟಿಲ್ಲ, ನಾವು ಎಳೆದು ತರಲಾಗದು ಎಂದರು. 1973ರ ಡಿಸೆಂಬರಿನಲ್ಲಿ ಪೂರಣ್ ಮಲ್ ಮೊಕದ್ದಮೆ ಬಂತು. ಆದಾಯ ತೆರಿಗೆಯವರ ಶೋಧನೆಯೇ ಕಾನೂನುಬಾಹಿರವಾಗಿದ್ದರೆ ಅದರಲ್ಲಿ ಸಿಕ್ಕ ಕಾಗದಪತ್ರಗಳನ್ನು ಸಾಕ್ಷ್ಯವಾಗಿ ಬಳಸಬಹುದೆ? ಬಳಸಬಹುದು ಎಂದಿತು ನ್ಯಾಯಾಲಯ. ಸಾಕ್ಷ್ಯ ಪ್ರಸ್ತುತವಾಗಿದ್ದರೆ ಸಾಕು, ಅದು ಹೇಗೆ ಕೈಗೆ ಬಂತು ಎನ್ನುವುದರಿಂದ ಅದು ಸಾಕ್ಷ್ಯವಲ್ಲವೆಂದಾಗುವುದಿಲ್ಲ. ಈ ತೀರ್ಪಿನ ಹಿಂದಿರುವ ವಿವೇಕವನ್ನು ನಾನು ಅಲ್ಲಗಳೆಯಲಾರೆ. ಕಾಳಸಂತೆಯವನು ಮಹಜರಿನ ಒಂದು ರುಜು ತಪ್ಪಿತೆಂದು ಪಾರಾಗಿ ಹೋಗಬಾರದು, ನಿಜ. ಆದರೆ ಪೊಲೀಸರ ಕಿವಿಗೆ ಬೀಳುವುದು ಬೇರೆ: ತಪ್ಪು ದಾರಿಯಲ್ಲಿ ತಂದರೂ ಪರವಾಗಿಲ್ಲ, ತಂದದ್ದು ಉಳಿಯುತ್ತದೆ.

ಪೂರಣ್ ಮಲ್ ಕಾಲದಲ್ಲಿ ತಂದದ್ದು ಲೆಕ್ಕದ ಪುಸ್ತಕ. ಹೆಚ್ಚೆಂದರೆ ಒಂದು ಗೋಣಿಚೀಲ. ಈಗ ತರುವುದೇನು ಎನ್ನುವುದಕ್ಕೆ ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ; ಊರಿನ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಕೊರೋನಾ ಬರುವುದಕ್ಕೆ ಒಂದೆರಡು ವರ್ಷ ಮುಂಚೆ ನಾನು ಅಲ್ಲಿ ಕೆಲಸದಲ್ಲಿದ್ದೆ. ಶಾಲೆಯ ಎದುರಿಗೆ ಒಂದು ಜೆರಾಕ್ಸ್ ಅಂಗಡಿ. ಯಾರೋ ಹುಡುಗ ನಕಲಿ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡಿದ್ದನಂತೆ, ಅದು ಅಚ್ಚಾದದ್ದು ಈ ಅಂಗಡಿಯಲ್ಲೇ ಎಂದು ಪೊಲೀಸರಿಗೆ ಗುಮಾನಿ. ವಾರಂಟಿನಲ್ಲಿ ಬರೆದಿದ್ದುದು ಆ ಒಂದು ಪ್ರಮಾಣಪತ್ರ ಮತ್ತು ಅದಕ್ಕೆ ಸಂಬಂಧಿಸಿದ ದಾಖಲೆ. ಎತ್ತಿಕೊಂಡು ಹೋದದ್ದು ಇಡೀ ಕಂಪ್ಯೂಟರು. ಮಹಜರಿನಲ್ಲಿ ಬರೆದದ್ದು ಇಷ್ಟೇ: ‘ಕಪ್ಪು ಬಣ್ಣದ ಸಿ.ಪಿ.ಯು. ಒಂದು.’

ಅಂದರೆ, ‘ಟ್ರಂಕು ಒಂದು.’

ಆ ಟ್ರಂಕಿನಲ್ಲಿ ಏನಿತ್ತು? ವಿದ್ಯಾರ್ಥಿವೇತನದ ಅರ್ಜಿಗೆಂದು ನಮ್ಮ ಶಾಲೆಯ ನಲವತ್ತು ಹೆಣ್ಣುಮಕ್ಕಳ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಫೋಟೋ, ಅಪ್ಪ ಅಮ್ಮಂದಿರ ಫೋನ್ ನಂಬರು ಇತ್ತು. ನನ್ನ ವರ್ಗಾವಣೆಯ ಅರ್ಜಿ ಇತ್ತು. ಬೀದಿಯವರ ಜಮೀನಿನ ಪಹಣಿ, ಆಸ್ಪತ್ರೆಯ ಚೀಟಿ, ಯಾರದೋ ವಿಚ್ಛೇದನದ ನೋಟೀಸು, ಯಾರ ಮಗಳದೋ ಜಾತಕ – ಊರಿನ ಗುಟ್ಟೆಲ್ಲ ಅಲ್ಲಿತ್ತು. ಜೆರಾಕ್ಸ್ ಅಂಗಡಿಯವನು ಊರಿನ ಚಿತ್ರಗುಪ್ತ. ಅವನಿಗೆ ಎಲ್ಲರ ಲೆಕ್ಕವೂ ಗೊತ್ತು, ಆದರೆ ಹೇಳುವವನಲ್ಲ.

ಒಂದೂವರೆ ವರ್ಷದ ಮೇಲೆ, ವಕೀಲರಿಗೆ ದುಡ್ಡು ಸುರಿದು, ಕೋರ್ಟಿಗೆ ಬಾಂಡು ಬರೆದುಕೊಟ್ಟು ಅವನು ಪೆಟ್ಟಿಗೆ ಬಿಡಿಸಿಕೊಂಡ. ಪ್ರಮಾಣಪತ್ರ ಬೇರೆಲ್ಲೋ ತಯಾರಾದದ್ದೆಂದು ಅಷ್ಟರಲ್ಲಿ ಗೊತ್ತಾಗಿತ್ತು. ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕಿನ ಪೂರ್ತಿ ನಕಲು ತೆಗೆಯಲಾಗಿದೆ ಎಂದು ಅವನ ಕಾಗದಗಳಲ್ಲೇ ಬರೆದಿತ್ತು. ಮಕ್ಕಳ ತಾಯಂದಿರು ನನ್ನನ್ನು ಕೇಳಿದರು, ನಾನು ಠಾಣೆಗೆ ಹೋದೆ. ಸಬ್‌ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು, ಎದ್ದು ನಿಂತು ಕುರ್ಚಿ ಕೊಟ್ಟರು.

“ನಿಮ್ಮ ಮಕ್ಕಳದ್ದೆಲ್ಲ ನಾವು ಯಾಕೆ ನೋಡ್ತೀವಿ ಮೇಡಂ?” ಎಂದರು.

“ನೋಡ್ತೀರ ಅಂತಲ್ಲ ಸಾರ್, ಅಳಿಸಿದ್ದೀರಾ ಅಂತ ಕೇಳೋಕೆ ಬಂದೆ.”

ಅವರು ಸ್ವಲ್ಪ ಹೊತ್ತು ಯೋಚಿಸಿದರು. “ಅಳಿಸೋಕೆ ನಮಗೆ ಆರ್ಡರ್ ಇಲ್ಲ ಮೇಡಂ. ಇಟ್ಕೊಳ್ಳೋಕೂ ಇಲ್ಲ ಅನ್ನಿ. ಆದ್ರೆ ಯಾವುದಕ್ಕೂ ಆರ್ಡರ್ ಇಲ್ಲ ಅಂದ್ರೆ, ಇದ್ದದ್ದು ಇದ್ದ ಹಾಗೆ ಇರತ್ತೆ.”

ಅವರು ಸುಳ್ಳು ಹೇಳಲಿಲ್ಲ, ಉಡಾಫೆಯನ್ನೂ ಮಾಡಲಿಲ್ಲ. ನಮ್ಮ ಕಾಯಿದೆಯ ಸ್ಥಿತಿಯನ್ನು ಎರಡು ವಾಕ್ಯದಲ್ಲಿ ಹೇಳಿಬಿಟ್ಟರು. ಜಪ್ತಿಯಾದ ವಸ್ತುವನ್ನು ಬೇಗ ಬಿಡುಗಡೆ ಮಾಡಬೇಕು, ಠಾಣೆಯ ಅಂಗಳದಲ್ಲಿ ಕೊಳೆಸಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ಹೇಳಿತು. ಹೊಸ ಸಂಹಿತೆಯಂತೂ ಕೋರ್ಟಿನ ಮುಂದೆ ಬಂದ ಮಾಲಿನ ಪಟ್ಟಿಯನ್ನು 14 ದಿನದಲ್ಲಿ ಮಾಡಿ, ಅಲ್ಲಿಂದ 30 ದಿನದೊಳಗೆ ವಿಲೇವಾರಿಗೆ ಆಜ್ಞೆ ಮಾಡಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಇವೆಲ್ಲ ಎತ್ತಿನ ಕಾಲದ ಮಾತು. ಪೆಟ್ಟಿಗೆ ಮನೆಗೆ ಬಂದರೂ ಅದರೊಳಗಿನದು ಸರ್ಕಾರದ ಕೊಟ್ಟಿಗೆಯಲ್ಲಿ ಉಳಿದೇ ಇರುತ್ತದೆ.

ಈ ವಿಷಯದಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆ ಇಲ್ಲದೆ ಮಾಡಕೂಡದು ಎಂಬ 2010ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪು ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯದು. ಆಧಾರ್ ವಿರುದ್ಧ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದರು. ಅದು ಹಕ್ಕಲ್ಲ ಎನ್ನುವ ಮಟ್ಟಿಗೆ 1954ರ ಶರ್ಮಾ ತೀರ್ಪು ರದ್ದಾಯಿತು. ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ನಮ್ಮ ಮಾತಿಗೆ ಇನ್ನೂ ಹತ್ತಿರದ್ದು ವೀರೇಂದ್ರ ಖನ್ನಾ ಮೊಕದ್ದಮೆ. 2020ರಲ್ಲಿ ಬೆಂಗಳೂರಿನ ಮಾದಕ ವಸ್ತು ಪ್ರಕರಣವೊಂದರಲ್ಲಿ ಆರೋಪಿಯಾಗಿದ್ದ ಅವರು ಮೊಬೈಲಿನ ಬೀಗಪದ ಕೊಡಬೇಕೆಂದು ಕೆಳಗಿನ ಕೋರ್ಟು ಹೇಳಿತ್ತು. 2021ರ ಮಾರ್ಚ್ 12ರಂದು ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ಕೊಟ್ಟ ತೀರ್ಪಿನಲ್ಲಿ ಎರಡು ಮುಖಗಳಿವೆ. ಬೀಗಪದ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂಬುದು ಒಂದು. 2022ರಲ್ಲಿ ದೆಹಲಿಯ ಸಿ.ಬಿ.ಐ. ವಿಶೇಷ ನ್ಯಾಯಾಲಯ ಇದಕ್ಕೆ ವಿರುದ್ಧವಾದ ನಿಲುವು ತಳೆಯಿತು. ಇನ್ನೊಂದು ಮುಖ, ಪೊಲೀಸರಿಗೆ ಹಾಕಿದ ಕಟ್ಟಳೆ. ಮೊಬೈಲು ಕಂಪ್ಯೂಟರುಗಳ ಶೋಧನೆಗೆ ವಾರಂಟು ಪಡೆಯುವುದೇ ನಿಯಮ. ಆರಿದ ಕಂಪ್ಯೂಟರನ್ನು ಹೊತ್ತಿಸಬಾರದು. ತಂತಿಗಳ ಜೋಡಣೆಯ ಸಮೇತ ಫೋಟೋ ತೆಗೆಯಬೇಕು. ಮೊಬೈಲನ್ನು ಸಂಕೇತಗಳು ಒಳಹೊರಗೆ ಹೋಗದ ಫ್ಯಾರಡೆ ಚೀಲದಲ್ಲಿ ಹಾಕಿಡಬೇಕು. ಒಳಗಿನ ಖಾಸಗಿ ಸಂಗತಿಯನ್ನು ಕಾಪಾಡುವ ಹೊಣೆ ತನಿಖಾಧಿಕಾರಿಯದೇ, ಕೋರ್ಟಿನ ಲಿಖಿತ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಟ್ಟರೆ ಅವರ ಮೇಲೆ ಕ್ರಮ. ಇಷ್ಟನ್ನು ಹೇಳಿದ ಮೊದಲ ಹೈಕೋರ್ಟುಗಳಲ್ಲಿ ನಮ್ಮದೂ ಒಂದು ಎಂಬುದು ಹೆಮ್ಮೆಯ ಮಾತು. ಆದರೆ ತೆಗೆಯುವುದು ಹೇಗೆ, ಕಾಯುವುದು ಹೇಗೆ ಎಂದು ಹೇಳಿದಷ್ಟು ಬಿಡಿಸಿ, ಬೇಡವಾದ್ದನ್ನು ಎಂದು ಅಳಿಸಬೇಕು ಎಂಬ ಮಾತು ಅಲ್ಲಿಗೂ ಬರಲಿಲ್ಲ.

ಹೊರದೇಶಗಳಲ್ಲೂ ಇದು ಸುಲಭವಾಗಿ ಬಗೆಹರಿದಿಲ್ಲ. ಅಮೆರಿಕದಲ್ಲಿ ಗ್ಯಾನಿಯಸ್ ಎಂಬ ಲೆಕ್ಕಿಗರ ಕಂಪ್ಯೂಟರುಗಳ ಪೂರ್ತಿ ನಕಲನ್ನು 2003ರಲ್ಲಿ, ಅವರ ಕಕ್ಷಿದಾರರೊಬ್ಬರ ಮೇಲಿನ ತನಿಖೆಗೆಂದು ತೆಗೆದರು. ವಾರಂಟಿಗೆ ಸಂಬಂಧಿಸದ ಕಡತಗಳನ್ನೂ ಇಟ್ಟುಕೊಂಡರು. ಎರಡೂವರೆ ವರ್ಷದ ಮೇಲೆ, 2006ರಲ್ಲಿ, ಹೊಸ ವಾರಂಟು ಪಡೆದು ಅದೇ ನಕಲನ್ನು ಕೆದಕಿ ಲೆಕ್ಕಿಗರ ಮೇಲೆಯೇ ತೆರಿಗೆ ಮೊಕದ್ದಮೆ ಹೂಡಿದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯದ ಪೀಠ ಅದು ಅಕ್ರಮ ಎಂದಿತು. 2016ರಲ್ಲಿ ಪೂರ್ಣಪೀಠ, ಅಧಿಕಾರಿಗಳು ಪ್ರಾಮಾಣಿಕ ನಂಬಿಕೆಯಿಂದ ನಡೆದುಕೊಂಡಿದ್ದಾರೆಂದು ಹೇಳಿ ಆ ಸಾಕ್ಷ್ಯವನ್ನು ಉಳಿಸಿಕೊಂಡಿತು. ಇಟ್ಟುಕೊಂಡದ್ದು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲೇ ಇಲ್ಲ. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಾತ್ರ 2008ರ ಡಿಸೆಂಬರ್ 4ರಂದು ಎಸ್ ಮತ್ತು ಮಾರ್ಪರ್ ಮೊಕದ್ದಮೆಯಲ್ಲಿ, ಶಿಕ್ಷೆಯಾಗದವರ ಬೆರಳಚ್ಚು ಮತ್ತು ಡಿ.ಎನ್.ಎ. ವಿವರಗಳನ್ನು ಬ್ರಿಟನ್ ಸರ್ಕಾರ ಕೊನೆಯಿಲ್ಲದಂತೆ ಇಟ್ಟುಕೊಳ್ಳುವುದು ಸಲ್ಲದೆಂದು ಖಡಾಖಂಡಿತವಾಗಿ ಹೇಳಿತು. ಚಿನ್ನದ ಗಣಿಯ ಕೂಲಿಗಳು 1930ರಲ್ಲಿ ಕೇಳಿದ ಪ್ರಶ್ನೆಯೂ ಈ ಜಾತಿಯದೇ.

ನಮ್ಮಲ್ಲಿ ಐವರು ಪ್ರಾಧ್ಯಾಪಕರು ಸಾಧನಗಳ ಜಪ್ತಿಗೆ ನಿಯಮಗಳು ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಪತ್ರಕರ್ತರ ಸಂಸ್ಥೆಯೊಂದೂ ಹೋಯಿತು. 2023ರ ನವೆಂಬರಿನಲ್ಲಿ ನ್ಯಾಯಾಲಯ ಕೇಂದ್ರ ಸರ್ಕಾರಕ್ಕೆ ಮಾರ್ಗಸೂಚಿ ರಚಿಸಲು ಹೇಳಿತು. ಆಗುವ ತನಕ 2020ರ ಸಿ.ಬಿ.ಐ. ಕೈಪಿಡಿಯಂತೆ ನಡೆಯುತ್ತೇವೆ ಎಂದು ಡಿಸೆಂಬರಿನಲ್ಲಿ ಕೇಂದ್ರ ಒಪ್ಪಿಕೊಂಡಿತು. ಹೊಸ ಸಂಹಿತೆಯಲ್ಲಿ ಶೋಧನೆಯನ್ನೆಲ್ಲ ವಿಡಿಯೋ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂಬ ಕಲಮು ಬಂದಿದೆ. ಪೆಟ್ಟಿಗೆಯನ್ನು ಎತ್ತುವುದು ಈಗ ವಿಡಿಯೋದಲ್ಲಿ ಕಾಣುತ್ತದೆ. ಒಳಗಿನದನ್ನು ಆಮೇಲೆ ಯಾರು ತೆರೆದರು ಎಂಬುದು ಕಾಣುವುದಿಲ್ಲ. ಇನ್ನು 2023ರ ದತ್ತಾಂಶ ಸಂರಕ್ಷಣೆಯ ಕಾಯಿದೆ ಅಪರಾಧ ತನಿಖೆಗೆ ಬಹುಪಾಲು ವಿನಾಯಿತಿ ಕೊಟ್ಟಿದೆ. ಹಳೆಯ 1920ರ ಕಾಯಿದೆಯ ಜಾಗಕ್ಕೆ 2022ರಲ್ಲಿ ಹೊಸದು ಬಂತು. ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಬಹುದು ಎನ್ನುತ್ತದೆ ಅದು. ನಿರ್ದೋಷಿಗಳ ದಾಖಲೆ ಅಳಿಸಬೇಕೆಂಬ ಮಾತು ಪುಣ್ಯಕ್ಕೆ ಅದರಲ್ಲೂ ಉಳಿದಿದೆ, ಮೇಲ್ಮನವಿಗಳೆಲ್ಲ ಮುಗಿದ ಮೇಲೆ. ಅಂದರೆ ಬೆರಳ ಗುರುತಿಗೆ ಒಂದು ಕೊನೆಯ ದಿನವಿದೆ. ಜೆರಾಕ್ಸ್ ಅಂಗಡಿಯ ನಕಲಿಗೆ ಅದೂ ಇಲ್ಲ.

ನರಸಾಪುರದ ಕಾರ್ಖಾನೆಯಲ್ಲಿ ಐಫೋನುಗಳು ತಯಾರಾಗುತ್ತವೆ. 2020ರ ಡಿಸೆಂಬರ್ 12ರಂದು ಅಲ್ಲಿ ಸಂಬಳದ ವಿಚಾರಕ್ಕೆ ಗಲಭೆಯಾಗಿ ನೂರಕ್ಕೂ ಹೆಚ್ಚು ಕೆಲಸಗಾರರ ಬಂಧನವಾಯಿತು. ಆಗ ಅದು ವಿಸ್ಟ್ರಾನ್ ಕಂಪನಿಯದು, 2023ರಲ್ಲಿ ಟಾಟಾದವರ ಕೈಗೆ ಬಂತು. ನಮ್ಮ ಹಳ್ಳಿಗಳ ಹುಡುಗಿಯರು ಬಸ್ಸಿನಲ್ಲಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಜಗತ್ತು ತನ್ನ ಗುಟ್ಟುಗಳನ್ನೆಲ್ಲ ಇಡುವ ಪೆಟ್ಟಿಗೆಗಳನ್ನು ಅವರ ಕೈಗಳು ಜೋಡಿಸುತ್ತವೆ. ಆ ಪೆಟ್ಟಿಗೆ ಜಪ್ತಿಯಾದರೆ ಏನೇನು ಹೋಗುತ್ತದೆ, ಏನು ವಾಪಸು ಬರುತ್ತದೆ ಎಂದು ಅವರಿಗೆ ಹೇಳಿಕೊಟ್ಟವರಿಲ್ಲ.

ಪೊಲೀಸರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಕಲನ್ನು ಕೂಡಲೆ ಅಳಿಸಿಬಿಟ್ಟರೆ ಮೇಲ್ಮನವಿಯಲ್ಲಿ ತೋರಿಸುವುದೇನನ್ನು? ಆರೋಪಿಗೂ ಅದು ಬೇಕಾಗುತ್ತದೆ. ಮೆಮೊರಿ ಕಾರ್ಡಿನೊಳಗಿನದೂ ದಾಖಲೆಯೇ, ಸಾಮಾನ್ಯವಾಗಿ ಅದರ ಪ್ರತಿ ಆರೋಪಿಗೆ ಸಿಗಬೇಕು, ಖಾಸಗಿತನದ ಪ್ರಶ್ನೆ ಬಂದಾಗ ನೋಡಲು ಮಾತ್ರ ಬಿಡಬಹುದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಆದ್ದರಿಂದ ಎಲ್ಲವನ್ನೂ ಅಂದೇ ಸುಟ್ಟುಹಾಕಿ ಎಂದು ನಾನು ಕೇಳುವುದಿಲ್ಲ. ಕೇಳುವುದು ಮೂರೇ. ವಾರಂಟಿನಲ್ಲಿ ಹೆಸರಿಸಿದ್ದನ್ನು ಬೇರ್ಪಡಿಸಿಕೊಂಡು, ಉಳಿದದ್ದನ್ನು ಕೋರ್ಟಿನ ಮೊಹರಿನಲ್ಲಿ ಇಡಿ. ಠಾಣೆಯ ಮೇಜಿನ ಮೇಲೆ ಬೇಡ. ಮೊಹರು ಒಡೆಯಬೇಕಾದರೆ ಕಾರಣ ಬರೆದು ಒಡೆಯಿರಿ. ಮೊಕದ್ದಮೆ ಕೊನೆಗೊಂಡ ದಿನ, ಅಥವಾ ಶೋಧನೆಯೇ ಅಕ್ರಮವೆಂದು ತೀರ್ಮಾನವಾದ ದಿನ, ನಕಲುಗಳ ಸಮೇತ ಅಳಿಸಿ, ಇಬ್ಬರು ಮರ್ಯಾದಸ್ಥರ ಎದುರಿಗೆ ಅದಕ್ಕೂ ಒಂದು ಮಹಜರು ಬರೆಯಿರಿ. ತೆಗೆದುಕೊಳ್ಳುವಾಗ ಸಾಕ್ಷಿಗಳು ಬೇಕಾದರೆ ಬಿಟ್ಟುಕೊಡುವಾಗಲೂ ಬೇಕಲ್ಲವೆ?

ಇದು ಹೊಸ ಬೇಡಿಕೆಯೇನಲ್ಲ. 1920ರಲ್ಲಿ, ನಮ್ಮನ್ನು ನಂಬದ ಸರ್ಕಾರವೊಂದು ತನ್ನ ಕಾಯಿದೆಯ ಏಳನೆಯ ಕಲಮಿನಲ್ಲಿ ನಕಲಿಗೂ ಒಂದು ಮಾತು ಬರೆದಿಟ್ಟಿತ್ತು. ನಾವೇ ಆರಿಸಿದ ಸರ್ಕಾರ ಅಷ್ಟನ್ನಾದರೂ ಬರೆಯಲಿ. ನಲವತ್ತು ಹುಡುಗಿಯರಲ್ಲಿ ಹಲವರಿಗೆ ಈಗ ಮದುವೆಯಾಗಿದೆ, ಕೆಲವರು ನರಸಾಪುರದ ಬಸ್ಸು ಹತ್ತುತ್ತಾರೆ, ಒಬ್ಬಳು ಬಿ.ಇಡಿ. ಓದುತ್ತಿದ್ದಾಳೆ. ಅವರ ಯಾವ ತಪ್ಪೂ ಇಲ್ಲದ ಮೊಕದ್ದಮೆಯೊಂದರ ಕಡತದಲ್ಲಿ ಅವರ ಹದಿನಾಲ್ಕನೆಯ ವಯಸ್ಸಿನ ಫೋಟೋಗಳು ಇಂದಿಗೂ ಜಪ್ತಿಯಲ್ಲಿವೆ.